ತುಳಿದು, ದಬ್ಬಿ, ಒದ್ದು ಚಾಲೂ ಮಾಡಿದ ಗಾಡಿಗಳು

ನಾನು ಬೆಳೆಯುವಾಗ ಓಡಿಸಿದ ಯಾವ ಗಾಡಿಯೂ ಸುಮ್ನೆ ಸ್ಟಾರ್ಟ್ ಆಗಲಿಲ್ಲ. ಒಂದನ್ನು ತುಳಿಯಬೇಕಿತ್ತು, ಒಂದನ್ನು ವಾಲಿಸಬೇಕಿತ್ತು, ಒಂದನ್ನು ಒದೆಯಬೇಕಿತ್ತು. ಇನ್ನೊಂದನ್ನು ಓಣಿಯ ಹುಡುಗರೆಲ್ಲ ಸೇರಿ ದಬ್ಬಬೇಕಿತ್ತು. ಇಂಜಿನ್ ಇಲ್ಲದ ಸೈಕಲ್ಲಿನದೂ ಅದೇ ಕಥೆ, ಅದನ್ನು ಹತ್ತೋದೇ ಒಂದು ವಿದ್ಯೆ. ಈಗ ಕಲಬುರಗಿಯಲ್ಲಿ ಯಾವ ಗಾಡಿಯಾದರೂ ಬಟನ್ ಒತ್ತಿದರೆ ಸಾಕು, ಹೊರಡುತ್ತದೆ. ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವನು ನಾನಲ್ಲ, ನನಗೂ ಬಟನ್ನೇ ಇಷ್ಟ. ಆದರೆ ಕೂತು ನೆನಪು ಮಾಡಿಕೊಂಡರೆ ಎದ್ದು ಬರೋದು ಸತಾಯಿಸಿದ ಗಾಡಿಗಳೇ.

ನಮ್ಮ ಮನೆ ಬ್ರಹ್ಮಪುರದಲ್ಲಿ. ಸಣ್ಣ ಓಣಿ, ಮನೆಗಳ ಮುಂದೆ ಶಹಾಬಾದ್ ಕಲ್ಲಿನ ಕಟ್ಟೆಗಳು. ಓಣಿ ಮುಗಿಯುವಲ್ಲಿ ಒಬ್ಬ ಚಾಚಾ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಗಂಟೆ ಲೆಕ್ಕದ ಬಾಡಿಗೆ, ಕೇಳಿದರೆ ಅರ್ಧ ಗಂಟೆಗೂ ಕೊಡುತ್ತಿದ್ದರು. ಯಾರು ಎಷ್ಟೊತ್ತಿಗೆ ಒಯ್ದರು ಅನ್ನೋದನ್ನು ಬಾಗಿಲ ಹಿಂದೆ ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದರು, ಉರ್ದುವಿನಲ್ಲಿ. ನಮಗೆ ಅದು ಓದಲು ಬರುತ್ತಿರಲಿಲ್ಲ. ಹಾಗಾಗಿ ಬಾಡಿಗೆ ವಿಷಯದಲ್ಲಿ ಜಗಳ ಮಾಡಲೂ ಆಗುತ್ತಿರಲಿಲ್ಲ.

ಹುಡುಗರ ಸಣ್ಣ ಸೈಕಲ್ ಯಾವಾಗ ಹೋದರೂ ಇರುತ್ತಿರಲಿಲ್ಲ.

"ಚಾಚಾ, ಸಣ್ಣದು ಅದ ಏನ್ರೀ?"

"ಛೋಟಾ ಗಯಾ ಬಾಬಾ. ದೊಡ್ಡದು ಒಯ್ತಿ ಏನು?"

ದೊಡ್ಡದೆಂದರೆ ದೊಡ್ಡವರ ಕರಿ ಸೈಕಲ್ಲು. ಸೀಟು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಅದನ್ನು ಕಲಿಯುವ ದಾರಿ ಒಂದೇ, ಕೈಂಚಿ. ಎಡಗೈಯಲ್ಲಿ ಹ್ಯಾಂಡಲ್, ಬಲಗೈ ಸೀಟಿನ ಮೇಲೆ ಅಥವಾ ಅಡ್ಡ ರಾಡಿನ ಮೇಲೆ. ಬಲಗಾಲನ್ನು ರಾಡಿನ ಕೆಳಗಿನ ತ್ರಿಕೋನದೊಳಗೆ ತೂರಿಸಿ ಆಚೆ ಕಡೆಯ ಪೆಡಲ್ ಮೇಲಿಡಬೇಕು. ಮೈ ಎಲ್ಲ ಎಡಕ್ಕೆ ಜೋತು ಬೀಳುತ್ತದೆ, ಸೈಕಲ್ಲು ಬಲಕ್ಕೆ ವಾಲುತ್ತದೆ. ಎರಡೂ ಸೇರಿ ಹೇಗೋ ನೇರ ಹೋಗುತ್ತದೆ. ಪೆಡಲ್ ಪೂರ್ತಿ ಸುತ್ತು ಬರುವುದಿಲ್ಲ, ಅರ್ಧ ಒತ್ತಿ ಹಿಂದೆ ತಂದು ಮತ್ತೆ ಅರ್ಧ ಒತ್ತಬೇಕು. ಕಟ್ಟ್ ಕಟ್ಟ್ ಅಂತ ಫ್ರೀವೀಲಿನ ಸದ್ದು. ಚೈನಿನ ಎಣ್ಣೆ ಕಾಲಿಗೆ, ಚಡ್ಡಿಗೆ. ಅವ್ವ ಆ ಕಲೆ ತೆಗೆಯಲು ಚಿಮಣಿ ಎಣ್ಣೆ ಹಾಕಿ ತಿಕ್ಕುವಾಗ ಚಾಚಾನಿಗೂ ಸೇರಿಸಿ ಬೈಯುತ್ತಿದ್ದಳು.

ಕೈಂಚಿ ಕೈಗೆ ಬಂದ ಮೇಲೆ ಮುಂದಿನದು ಸೀಟು. ಅದಕ್ಕೆ ಓಣಿಯ ಕಟ್ಟೆಗಳೇ ಆಸರೆ. ಸೈಕಲ್ಲನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ, ಕಟ್ಟೆ ಮೇಲಿಂದ ಸೀಟಿಗೆ ಹತ್ತಿ, ಕಾಲಿನಿಂದ ಕಲ್ಲನ್ನು ನೂಕಿದರೆ ಪ್ರಯಾಣ ಶುರು. ಇಳಿಯಬೇಕಾದರೆ ಮತ್ತೊಂದು ಕಟ್ಟೆ ಹುಡುಕಬೇಕು. ಯಾವ ಮನೆಯ ಕಟ್ಟೆ ಎತ್ತರ, ಯಾರ ಮನೆ ಆಯಿ ಕಟ್ಟೆ ಮೇಲೆ ಹಪ್ಪಳ ಒಣಗಿಸುತ್ತಾಳೆ, ಎಲ್ಲಿ ನಾಯಿ ಮಲಗಿರುತ್ತದೆ, ಎಲ್ಲ ಬಾಯಿಪಾಠ. ಊರಿನ ಬೇರೆ ಭಾಗದ ಹುಡುಗರು ಹೇಗೆ ಕಲಿತರೋ ಗೊತ್ತಿಲ್ಲ. ಕಟ್ಟೆ ಇಲ್ಲದ ಬಡಾವಣೆಯಲ್ಲಿ ಹುಟ್ಟಿದ್ದರೆ ನಾನಂತೂ ಹೈಸ್ಕೂಲಿಗೆ ಹೋಗುವ ತನಕ ಕೈಂಚಿಯಲ್ಲೇ ಇರುತ್ತಿದ್ದೆ.

ವಾಪಸು ಕೊಡುವಾಗ ಚಾಚಾ ಏನೂ ಕೇಳುತ್ತಿರಲಿಲ್ಲ. ಮುಂದಿನ ಗಾಲಿಯನ್ನು ಎರಡು ಮೊಣಕಾಲಿನ ನಡುವೆ ಗಟ್ಟಿಯಾಗಿ ಹಿಡಿದು, ಹ್ಯಾಂಡಲ್ಲನ್ನು ಒಂದು ಝಟಕಾ ಕೊಟ್ಟು ನೇರ ಮಾಡುತ್ತಿದ್ದರು. ಆ ಝಟಕಾ ಎಷ್ಟು ದೊಡ್ಡದು ಅನ್ನೋದರ ಮೇಲೆ ನಾವು ಎಷ್ಟು ಜೋರಾಗಿ ಬಿದ್ದಿದ್ದೇವೆ ಅಂತ ಅವರಿಗೆ ತಿಳಿಯುತ್ತಿತ್ತು.

ಪಂಕ್ಚರ್ ಹಾಕೋದನ್ನೂ ಅಲ್ಲೇ ಕಲಿತೆ, ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು. ನಮ್ಮ ಕಡೆ ಮೊಳೆಗಿಂತ ಜಾಲಿ ಮುಳ್ಳಿನ ಕಾಟ ಜಾಸ್ತಿ. ಕಬ್ಬಿಣದ ಪಟ್ಟಿ ತೂರಿಸಿ ಟೈರನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬು ಹೊರಗೆಳೆದು, ಹವಾ ಹೊಡೆದು, ನೀರಿನ ಬೋಗುಣಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಅಲ್ಲಿ ಬೆರಳಿಟ್ಟು, ಒರೆಸಿ, ಪೆನ್ಸಿಲ್ಲಿನಿಂದ ಗುರುತು ಮಾಡಿ, ಉಜ್ಜಿ, ಸೊಲ್ಯೂಷನ್ ಹಚ್ಚಬೇಕು. ಹಚ್ಚಿದ ತಕ್ಷಣ ತೇಪೆ ಅಂಟಿಸಬಾರದು. ಸೊಲ್ಯೂಷನ್ ಬೆರಳಿಗೆ ಹತ್ತದಷ್ಟು ಒಣಗಬೇಕು. ಅಲ್ಲಿಯ ತನಕ ಚಾಚಾ ಅರ್ಧ ಕಪ್ ಚಹಾ ಕುಡಿಯುತ್ತಿದ್ದರು, ಅದೇ ಅವರ ಗಡಿಯಾರ. ತೇಪೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ ಮೇಲೂ ಕೆಲಸ ಮುಗಿದಿಲ್ಲ. ಟೈರಿನ ಒಳಗೆ ಬೆರಳು ಆಡಿಸಿ ಮುಳ್ಳಿನ ಮೊನೆ ಉಳಿದಿದೆಯಾ ನೋಡಬೇಕು. ಇದನ್ನು ಬಿಟ್ಟವನು ಜಗತ್ ಸರ್ಕಲ್ ದಾಟುವ ಮೊದಲೇ ಮತ್ತೆ ಪಂಕ್ಚರ್.

ಮನೆಯಲ್ಲಿದ್ದ ಸೈಕಲ್ಲು ಅಪ್ಪನದು. ಕರಿ ಅಟ್ಲಾಸ್. ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ಒಂದು ತೊಗರಿ ಬೇಳೆ ಮಿಲ್ಲಿನ ಲೆಕ್ಕ ಬರೆಯುತ್ತಿದ್ದರು. ದಿನಾ ಹೋಗಿ ಬರೋದು ಅದರ ಮೇಲೆ. ಚೈನ್ ಕವರ್, ಕ್ಯಾರಿಯರ್, ಹಿಂದಿನ ಗಾಲಿಗೆ ತಾಗುವ ಡೈನಮೋ, ಎಲ್ಲ ಇತ್ತು. ರಾತ್ರಿ ಡೈನಮೋ ಹಾಕಿದರೆ ಸೈಕಲ್ಲು ಭಾರವಾಗುತ್ತದೆ. ಮೆಲ್ಲಗೆ ತುಳಿದರೆ ದೀಪ ಮಂಕು, ಜೋರಾಗಿ ತುಳಿದರೆ ಬೆಳಕು. ಕತ್ತಲಿರುವ ಕಡೆ ನಿಧಾನ ಹೋಗಬೇಕು ಅನ್ನಿಸುತ್ತದೆ, ಆದರೆ ನಿಧಾನ ಹೋದರೆ ಏನೂ ಕಾಣೋದಿಲ್ಲ. ಇದನ್ನು ಕಂಡುಹಿಡಿದವರು ರಾತ್ರಿ ಸೈಕಲ್ ಹೊಡೆದಿರಲಿಕ್ಕಿಲ್ಲ.

ಅಪ್ಪನ ಒಂದು ಕಟ್ಟುನಿಟ್ಟು ಬೇಸಿಗೆಯದು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಆಗ ಟೈರಿಗೆ ಕಲ್ಲಿನಂತೆ ಹವಾ ತುಂಬಿಸಬಾರದು, ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸಬಾರದು. ಒಳಗಿನ ಹವಾ ಕಾದು ಹಿಗ್ಗಿ, ಹಳೆ ಟ್ಯೂಬಾದರೆ ಭಡ್ ಅಂತ ಒಡೆಯುತ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಓಣಿಯಲ್ಲಿ ಆ ಸದ್ದು ಕೇಳಿದರೆ, ಯಾರದು ಅಂತ ನೋಡಲು ಎಲ್ಲ ಬಾಗಿಲೂ ತೆರೆಯುತ್ತಿದ್ದವು.

ಮಳೆಗಾಲದ ತೊಂದರೆ ಬೇರೆ. ಅವ್ವನ ತವರು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಬರೀ ಎರೆ ಭೂಮಿ. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ಹೋಗಿ ತುಂಬುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿ ತಿರುಗೋದೇ ಬಂದ್. ಕಡ್ಡಿ ತಗೊಂಡು ಮಣ್ಣು ಕೆದರಬೇಕು, ಮತ್ತೆ ಹತ್ತು ಹೆಜ್ಜೆ. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಚಪ್ಪಲಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ನಡೆಯೋದು. ಮುತ್ಯಾ ಹೊಲದ ಬದುವಿನಲ್ಲಿ ನಿಂತು ನಗುತ್ತಿದ್ದ. "ಬ್ಯಾಸಗ್ಯಾಗ ಅದು ನಿನಗ ಹೊತ್ತದ, ಈಗ ನೀ ಹೊರು. ಲೆಕ್ಕ ಬರೋಬ್ಬರಿ ಆಯ್ತು." ಆ ಕಡೆಯ ರೈತರು ಸೈಕಲ್ ಕೊಂಡ ತಕ್ಷಣ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಇಂಜಿನ್ನಿನ ಮೊದಲ ರುಚಿ ತೋರಿಸಿದ್ದು ಕಾಕಾನ ಲೂನಾ. ಕಾಕಾ ವಿಮೆ ಏಜೆಂಟ್, ಹಳ್ಳಿ ಹಳ್ಳಿ ತಿರುಗುವ ಕೆಲಸ. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಲೂನಾ ತಂದಿದ್ದು. 50 ಸಿಸಿ ಇಂಜಿನ್, ಜೊತೆಗೆ ಸೈಕಲ್ಲಿನ ಹಾಗೆ ಪೆಡಲ್ಲು. ಸ್ಟ್ಯಾಂಡ್ ಹಾಕಿ ಕೂತು ತುಳಿದರೆ ಇಂಜಿನ್ ಟುರ್ ಅನ್ನುತ್ತದೆ. ಗೇರಿಲ್ಲ, ಕ್ಲಚ್ಚಿಲ್ಲ. ಎಕ್ಸಲೇಟರ್ ತಿರುವಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸೈಕಲ್ ಬಂದವನಿಗೆ ಕಲಿಯಲು ಏನೂ ಉಳಿದಿರಲಿಲ್ಲ. ಆದರೂ ಕಾಕಾ ನನ್ನನ್ನು ಎನ್.ವಿ. ಮೈದಾನಕ್ಕೆ ಕರೆದುಕೊಂಡು ಹೋಗಿ ಹಿಂದೆ ಹಿಂದೆ ಓಡಿದ. 50 ಸಿಸಿಯ ಗೇರಿಲ್ಲದ ಗಾಡಿಗೆ ಕಾನೂನಿನ ಪ್ರಕಾರ 16 ತುಂಬಬೇಕು. ಅಲ್ಲಿಯ ತನಕ ಮೈದಾನ ಬಿಟ್ಟು ಹೊರಗೆ ತರಬಾರದು ಅಂತ ಅವ್ವನ ಆಜ್ಞೆ.

ಲೂನಾದ ಬಗ್ಗೆ ಜನ ನಗುತ್ತಿದ್ದರು. ಎದುರು ಗಾಳಿ ಬೀಸಿದರೆ, ಇಲ್ಲವೇ ಇಬ್ಬರು ಕೂತು ಏರು ಹತ್ತಿದರೆ, ಪಾಪ ಅದು ಉಸಿರು ಬಿಡುತ್ತಿತ್ತು. ಆಗ ಪೆಡಲ್ ತುಳಿದು ಕೈ ಜೋಡಿಸಬೇಕು. ಸೇಡಂ ರಸ್ತೆಯಲ್ಲಿ ಯೂನಿವರ್ಸಿಟಿ ಕಡೆ ಹೋಗುವಾಗ ಸೈಕಲ್ಲಿನ ಹುಡುಗರು ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ ಹಲ್ಲು ಕಿರಿಯುತ್ತಿದ್ದರು. ಆದರೆ ನನ್ನ ಮಟ್ಟಿಗೆ ಅಷ್ಟೂ ಗಾಡಿಗಳಲ್ಲಿ ಅದೇ ಮೇಲು. ಯಾಕಂದರೆ ಅದು ಯಾರನ್ನೂ ನಡುದಾರಿಯಲ್ಲಿ ಕೈಬಿಡಲಿಲ್ಲ. ಒಂದು ಸಂಜೆ ಕಾಕಾ ಫರಹತಾಬಾದಿನ ಹತ್ತಿರ ಪೆಟ್ರೋಲ್ ಮುಗಿದು ನಿಂತ. ಜೇವರ್ಗಿ ರಸ್ತೆ, ಕತ್ತಲಾಗುತ್ತಿತ್ತು. ಬೇರೆ ಗಾಡಿಯಾಗಿದ್ದರೆ ದಬ್ಬುತ್ತ ಬರಬೇಕಿತ್ತು. ಅವನು ಸೈಕಲ್ಲಿನ ಹಾಗೆ ತುಳಿದುಕೊಂಡೇ ಮನೆಗೆ ಬಂದ. ಅಂಗಿ ಹಿಂಡಿದರೆ ನೀರು. ಆದರೂ ಮುಖದಲ್ಲಿ ಗರ್ವ. "ಬುಲೆಟ್ ಇತ್ತಂದ್ರ ಬರ್ತಿತ್ತೇನು ಹಿಂಗ?" ಅಂತ ಅಪ್ಪನನ್ನು ಕೇಳಿದ.

ಅಪ್ಪನಿಗೆ ಬುಲೆಟ್ ಬೇಕಿರಲಿಲ್ಲ, ಚೇತಕ್ ಬೇಕಿತ್ತು. ಬಜಾಜ್ ಸ್ಕೂಟರ್ ಅಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲ ಅದು. 1989ರಲ್ಲಿ ಟೀವಿಯಲ್ಲಿ 'ಹಮಾರಾ ಬಜಾಜ್' ಜಾಹೀರಾತು ಶುರುವಾದಾಗ ನಮ್ಮ ಮನೆಯಲ್ಲಿ ಅದು ಇನ್ನೂ ಹಮಾರಾ ಆಗಿರಲಿಲ್ಲ. ಕೊನೆಗೆ ಬಂದ ದಿನ ಶರಣಬಸವೇಶ್ವರ ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದೆವು.

ಚೇತಕ್ಕಿನದು ಪೂಜೆಯಂಥದೇ ಕ್ರಮ. ಮೊದಲು ಪೆಟ್ರೋಲ್ ಗುಬುಟು ತಿರುವಬೇಕು. ಬೆಳಗಿನ ಹೊತ್ತಾದರೆ ಚೋಕ್ ಎಳೆಯಬೇಕು. ಆಮೇಲೆ ಇಡೀ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯುವಷ್ಟು ಹೊತ್ತು ಹಿಡಿದು, ಮತ್ತೆ ನೇರ ಮಾಡಿ ಕಿಕ್ ಹೊಡೆಯೋದು. ಅಪ್ಪ ವಾಲಿಸುವಾಗ ಅವ್ವ ಅಡಿಗೆ ಮನೆಯಿಂದಲೇ "ಮೆಲ್ಲಕ್ರೀ" ಅನ್ನುತ್ತಿದ್ದಳು. ಅಷ್ಟಾದರೂ ಹತ್ತಲಿಲ್ಲ ಅಂದರೆ ಪ್ಲಗ್ಗು. ಎರಡು ಸ್ಟ್ರೋಕಿನ ಇಂಜಿನ್, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕೋದು. ಆಯಿಲ್ ಸ್ವಲ್ಪ ಜಾಸ್ತಿಯಾದರೂ ಪ್ಲಗ್ಗಿನ ತುದಿಗೆ ಕರಿ ಹಿಡಿಯುತ್ತದೆ. ಬಿಚ್ಚಿ, ಉಜ್ಜೋ ಕಾಗದದಿಂದ ತಿಕ್ಕಿ, ಊದಿ ಮತ್ತೆ ಹಾಕಬೇಕು. ಡಿಕ್ಕಿಯಲ್ಲಿ ಪ್ಲಗ್ ಪಾನಾ ಇಲ್ಲದ ಚೇತಕ್ಕನ್ನು ನಾನು ನೋಡಿಲ್ಲ.

ಓಡಿಸಲು ಇನ್ನೊಂದು ಮಜಾ. ಇಂಜಿನ್ ನಡುವೆ ಇಲ್ಲ, ಬಲ ಮಗ್ಗುಲಲ್ಲಿದೆ. ಹೊಸಬನಿಗೆ ಗಾಡಿ ಬಲಕ್ಕೆ ಎಳೆದ ಹಾಗೆ ಅನ್ನಿಸುತ್ತದೆ. ಗೇರು ಎಡಗೈಯಲ್ಲಿ, ಕ್ಲಚ್ ಹಿಡಿದು ಹಿಡಿಯನ್ನೇ ತಿರುವಬೇಕು. ಹಳೆಯದಾದಂತೆ ವೈರು ಸಡಿಲವಾಗಿ, ಎರಡನೇ ಗೇರು ಅಂತ ಹಾಕಿದ್ದು ನ್ಯೂಟ್ರಲ್ಲಿಗೆ ಬಂದು ನಿಲ್ಲುತ್ತಿತ್ತು. ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಇಂಜಿನ್ ಹೋ ಅಂತ ಕೂಗುತ್ತದೆ, ಗಾಡಿ ಮಾತ್ರ ಅಲ್ಲೇ. ಆದರೆ ಸ್ಟೆಪ್ನಿ, ಅಂದರೆ ಹೆಚ್ಚುವರಿ ಗಾಲಿ, ಇರುವ ದ್ವಿಚಕ್ರ ವಾಹನ ಅಂದರೆ ಇಂಥ ಸ್ಕೂಟರುಗಳೇ ಅಲ್ವಾ? ಸೈಕಲ್ ಪಂಕ್ಚರಿನ ಸಂಸ್ಕಾರದಲ್ಲಿ ಬೆಳೆದ ನನಗೆ ಅದು ದೊಡ್ಡ ಶ್ರೀಮಂತಿಕೆ ಅನ್ನಿಸಿತ್ತು.

ಇನ್ನು ಯೆಜ್ಡಿ ಮೋಟಾರ್‌ಸೈಕಲ್ಲು. ಇದರ ಬಗ್ಗೆ ಈಗ ಜನ ಹೊಗಳೋದು ಕೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ. ನಮ್ಮ ರಾಜ್ಯದ್ದೇ ಗಾಡಿ, ಆ ಅಭಿಮಾನ ನನಗೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಮಾಡಲು ಶುರು ಮಾಡಿತು, 1973ರಿಂದ ಯೆಜ್ಡಿ ಅನ್ನುವ ಹೆಸರು, 1996ರಲ್ಲಿ ಬಾಗಿಲು ಹಾಕಿತು. 250 ಸಿಸಿ, ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಸದ್ದು ಮಾತ್ರ ಅದ್ಭುತ, ಒಪ್ಪುತ್ತೇನೆ. ಶಹಾಬಾದಿನಿಂದ ಮಾಮಾ ಬರುತ್ತಿದ್ದಾನೆ ಅಂತ ಅವನು ಓಣಿಗೆ ತಿರುಗುವ ಮೊದಲೇ ಗೊತ್ತಾಗುತ್ತಿತ್ತು. ಅವನು ಕಲ್ಲಿನ ಗಣಿಯಲ್ಲಿ ಸೂಪರ್‌ವೈಸರ್. ಗಣಿಯ ಧೂಳಿನಿಂದ ಗಾಡಿಯ ಬಣ್ಣ ಯಾವುದು ಅನ್ನೋದೇ ಮರೆತು ಹೋಗಿತ್ತು.

ಯೆಜ್ಡಿಯ ವಿಚಿತ್ರ ಏನೆಂದರೆ ಕಿಕ್ಕೂ ಗೇರೂ ಒಂದೇ ಲೀವರ್. ಎಡಗಡೆ ಇರುವ ಗೇರ್ ಲೀವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹೊಡೆದು ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರು. ಕ್ಲಚ್ ಹಿಡಿಯದೆ ಗೇರು ಬದಲಿಸಿದರೂ ನಡೆಯುತ್ತಿತ್ತು, ಲೀವರ್ ಒತ್ತಿದಾಗ ಅದೇ ಕ್ಲಚ್ಚನ್ನು ಬಿಡಿಸುತ್ತಿತ್ತು. ಮಾಮಾ ಇದನ್ನು ತೋರಿಸಲೆಂದೇ ಎಡಗೈಯಲ್ಲಿ ಮೀಸೆ ತಿರುವುತ್ತ ಗೇರು ಹಾಕುತ್ತಿದ್ದ. ನಾನು ಕಲಿಯುವಾಗ ಅವನು ಹೇಳಿದ್ದು ಇಷ್ಟೇ:

"ಸಿಟ್ಟಿಲೆ ಹೊಡೀಬ್ಯಾಡ. ಮೊದಲ ಮೆಲ್ಲಕ ಒತ್ತಿ ನೋಡು, ಎಲ್ಲಿ ಗಟ್ಟಿ ಅನಿಸ್ತದ ಅಲ್ಲಿಂದ ಹೊಡಿ."

ಅದು ಖರೇ. ಪಿಸ್ಟನ್ ಒತ್ತಡಕ್ಕೆ ಬಂದ ಜಾಗ ಪಾದಕ್ಕೆ ತಿಳಿಯುತ್ತದೆ. ಅಲ್ಲಿಂದ ಹೊಡೆದರೆ ಒಂದೇ ಏಟಿಗೆ ಹತ್ತುತ್ತದೆ. ಅದು ತಿಳಿಯದೆ ಸುಮ್ನೆ ಹೊಡೆದರೆ ಲೀವರ್ ವಾಪಸು ಒದೆಯುತ್ತದೆ, ಮೀನಖಂಡ ನೀಲಿ. ಅಪ್ಪನ ಕಡೆಯಿಂದ ಬೈಗಳು, ಮಾಮಾನ ಕಡೆಯಿಂದ ನಗು, ಅವ್ವನ ಕಡೆಯಿಂದ ಅರಿಷಿಣ.

ಅದರ ಮೇಲೆ ಮಾಮಾನ ಜೊತೆ ಗಾಣಗಾಪುರಕ್ಕೆ ಹೋಗಿದ್ದೆ, ಹುಣ್ಣಿಮೆಗೆ. ಅರ್ಧ ದಾರಿ ನಾನು, ಅರ್ಧ ದಾರಿ ಅವನು. ಚೌಡಾಪುರದ ಮೇಲೆ ಹೋಗೋದು. ಎರಡೂ ಕಡೆ ತೊಗರಿ ಹೊಲ, ಕೊಯ್ಲು ಆದ ಕಡೆ ಬರೀ ಕರಿ ನೆಲ. ಭೀಮಾ, ಅಮರ್ಜಾ ಕೂಡುವಲ್ಲಿ ಸ್ನಾನ ಮಾಡಿ, ದತ್ತನ ದರ್ಶನ ಮುಗಿಸಿ, ಸುಸಲಾ ಮಿರ್ಚಿ ತಿಂದು ಹೊರಟರೆ ಗಾಡಿ ಹತ್ತಲಿಲ್ಲ. ಬಿಸಿಲಲ್ಲಿ ನಿಂತ ಇಂಜಿನ್ನು. ಮಾಮಾ ಟವೆಲ್ ಒದ್ದೆ ಮಾಡಿ ಅದರ ಮೇಲೆ ಹೊದಿಸಿದ, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ. ಪಕ್ಕದಲ್ಲೇ ಒಬ್ಬ ಹಳೆ ರಾಜ್‌ದೂತ್ ಇಟ್ಟುಕೊಂಡು ಅದೇ ಕೆಲಸ ಮಾಡುತ್ತಿದ್ದ. ಇಬ್ಬರೂ ಬೀಡಿ ಹಚ್ಚಿ ಪೆಟ್ರೋಲ್ ಎಷ್ಟು ಕುಡಿಯುತ್ತದೆ ಅನ್ನುವ ವಿಷಯ ತೆಗೆದರು. ಯೆಜ್ಡಿ ಮಾಲೀಕರು ಮೈಲೇಜ್ ಕೇಳಿದರೆ ಯಾವಾಗಲೂ ಸದ್ದಿನ ಬಗ್ಗೆ ಮಾತಾಡುತ್ತಾರೆ. ಮಾಮಾ ಕೂಡ ಹಾಗೇ ಮಾಡಿದ. ಇಂಜಿನ್ ತಣ್ಣಗಾದ ಮೇಲೂ ಕಿಕ್ಕಿಗೆ ಬಗ್ಗಲಿಲ್ಲ. ಯಾತ್ರೆಗೆ ಬಂದಿದ್ದ ಸೋಲಾಪುರದ ಕಡೆಯ ಹುಡುಗರು ಸೇರಿ ದಬ್ಬಿದರು. ಎರಡನೇ ಗೇರಿನಲ್ಲಿ ಬಿಟ್ಟಾಗ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು. ದಬ್ಬಿದವರು ಕೆಮ್ಮುತ್ತ ಕೈ ಬೀಸಿದರು.

ಶರಣಬಸವೇಶ್ವರ ಜಾತ್ರೆಗೆ ಮೌತ್ ಕಾ ಕುಂವಾ, ಅಂದರೆ ಸಾವಿನ ಬಾವಿಯ ಆಟ, ಬಂದಾಗ, ಹಲಗೆಯ ಗೋಡೆಯ ಮೇಲೆ ಮೋಟಾರ್‌ಸೈಕಲ್ ಅಡ್ಡಡ್ಡ ಸುತ್ತೋದನ್ನು ಮೇಲಿಂದ ನೋಡುತ್ತಿದ್ದೆವು. ನೋಟು ಹಿಡಿದ ಕೈ ಚಾಚಿದರೆ ಸವಾರ ಹಾಗೇ ಕಿತ್ತುಕೊಂಡು ಹೋಗುತ್ತಿದ್ದ. ಮಾಮಾನ ಪ್ರಶ್ನೆ ಒಂದೇ, ಇವರ ಗಾಡಿ ನಡುವೆ ಬಂದ್ ಬೀಳೋದಿಲ್ಲ ಯಾಕೆ?

ಕಾಲೇಜಿನ ದಿನಗಳಲ್ಲಿ ಗೆಳೆಯನ ಯಮಹಾ ಆರ್‌ಎಕ್ಸ್ 100 ಬೈಕು ಸಿಗುತ್ತಿತ್ತು. ಅದನ್ನು ಹೊಗಳುವವರು ಸಾವಿರ ಜನ ಇದ್ದಾರೆ, ನಾನು ಬಿಡುತ್ತೇನೆ. ಕಿಕ್ ಮಾತ್ರ ಹಗುರ, ಕೈಯಿಂದ ಒತ್ತಿದರೂ ಹತ್ತುತ್ತಿತ್ತು. ಪಕ್ಕದ ಮನೆಯವರ ಬುಲೆಟ್ಟನ್ನೂ ಒಮ್ಮೆ ಓಡಿಸಿದೆ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಯೆಜ್ಡಿಯಲ್ಲಿ ಕಲಿತ ಕಾಲಿಗೆ ಇದು ಉಲ್ಟಾ. ನಿಲ್ಲಿಸಬೇಕಾದಲ್ಲಿ ಗೇರು ಬದಲಾಗುತ್ತಿತ್ತು. ಸ್ಟೇಷನ್ ರಸ್ತೆಯ ತನಕ ಹೋಗಿ ಗೌರವದಿಂದ ವಾಪಸು ಕೊಟ್ಟೆ.

ಲೈಸೆನ್ಸ್ ಮಾಡಿಸಿದ್ದು 18 ತುಂಬಿದ ಮೇಲೆ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಕೈಗೆ ಬಂದ ಮೇಲೆ 30 ದಿನ ಕಾಯಬೇಕು, ಆಮೇಲೆ ಟೆಸ್ಟು. ಕಾಲು ನೆಲಕ್ಕೆ ಇಡದೆ ಎಂಟು ಆಕಾರದಲ್ಲಿ ಸುತ್ತಬೇಕು. ಎಲ್ಲರೂ ಹೇಳಿದರು, ಹಗುರ ಗಾಡಿ ಒಯ್ಯಿ ಅಂತ. ಮನೆಯಲ್ಲಿ ಇದ್ದದ್ದು ಚೇತಕ್. ಬಲಕ್ಕೆ ಎಳೆಯುವ ಗಾಡಿಯಲ್ಲಿ ಎಂಟು ಹಾಕೋದೆಂದರೆ ಬಲಗಡೆಯ ಸುತ್ತು ತಾನಾಗೇ ಆಗುತ್ತದೆ, ಎಡಗಡೆಯದಕ್ಕೆ ಭುಜ ಹಾಕಬೇಕು. ಕಟ್ಟೆಗಳ ಓಣಿಯಲ್ಲಿ ಕೈಂಚಿ ಹೊಡೆದವನಿಗೆ ವಾಲುವ ಗಾಡಿ ಹೊಸದೇನಲ್ಲ, ಪಾಸಾದೆ. ಹೆಚ್ಚು ಹೊತ್ತು ಹಿಡಿದದ್ದು ಅದನ್ನು ಅಲ್ಲಿ ಸ್ಟಾರ್ಟ್ ಮಾಡೋದಕ್ಕೇ. ಸಾಲಿನಲ್ಲಿ ನಿಂತವರೆಲ್ಲ ಸಲಹೆ ಕೊಟ್ಟರು. ಒಬ್ಬರು ಪ್ಲಗ್ ನೋಡು ಅಂದರು, ಒಬ್ಬರು ವಾಲಿಸು ಅಂದರು.

ನೌಕರಿ ಸಿಕ್ಕ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಹೀರೋ ಹೋಂಡಾ ಸಿಡಿ 100 ಕೊಂಡೆ. 1985ರಲ್ಲಿ ಬಂದ ಗಾಡಿ, ನಾಲ್ಕು ಸ್ಟ್ರೋಕು. ಆಯಿಲ್ ಬೆರೆಸಬೇಕಿಲ್ಲ, ಹೊಗೆ ಇಲ್ಲ, ಪ್ಲಗ್ ಕರಿಯಾಗೋದಿಲ್ಲ. ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂತಲೇ ಅದರ ಜಾಹೀರಾತು. ನಾನೂ ಹಾಗೇ ಮಾಡಿದೆ, ಹೇಳಲು ಏನೂ ಉಳಿಯಲಿಲ್ಲ. ಒಳ್ಳೆಯ ಗಾಡಿ, ಅಷ್ಟೇ.

ಹಳೆಯವು ಒಂದೊಂದಾಗಿ ಮನೆ ಬಿಟ್ಟವು. ಅಪ್ಪನ ಅಟ್ಲಾಸನ್ನು ಮಿಲ್ಲಿನ ಹಮಾಲರೊಬ್ಬರು ಒಯ್ದರು. ಯೆಜ್ಡಿಯನ್ನು ಮಾಮಾ ಹೈದರಾಬಾದಿನವರಿಗೆ ಮಾರಿ, ಈಗ ಅದರ ಬೆಲೆ ಕೇಳಿ ಹಲ್ಲು ಕಡಿಯುತ್ತಾನೆ. ಕಾಕಾ ಮಾತ್ರ ಲೂನಾ ಕೊಟ್ಟಿಲ್ಲ. ಹಿತ್ತಲಿನಲ್ಲಿ ಗೋಣಿ ಚೀಲ ಹೊದ್ದು ನಿಂತಿದೆ.

ಈಗ ಹಳೆ ಹೆಸರುಗಳೆಲ್ಲ ತಿರುಗಿ ಬಂದಿವೆ. 2020ರಲ್ಲಿ ಚೇತಕ್ ಕರೆಂಟಿನದಾಗಿ ಬಂತು, ವಾಲಿಸೋ ಕೆಲಸ ಇಲ್ಲ. 2022ರಲ್ಲಿ ಯೆಜ್ಡಿ ಬಂತು, ಕಿಕ್ಕೂ ಗೇರೂ ಒಂದೇನಾ ಬೇರೆನಾ ಅನ್ನೋ ಮಾತೇ ಇಲ್ಲ, ಕಿಕ್ಕೇ ಇಲ್ಲ. 2024ರಲ್ಲಿ ಇ-ಲೂನಾ ಕೂಡ ಬಂತು. ಸುದ್ದಿ ತಿಳಿದ ಕಾಕಾ, ಎಪ್ಪತ್ತು ದಾಟಿದ ಮನುಷ್ಯ, ನನ್ನನ್ನು ಕರೆದುಕೊಂಡು ಶೋರೂಮಿಗೆ ಹೊರಟ. ಗಾಡಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಸೀಟು ಒತ್ತಿದ. ಅಂಗಡಿಯ ಹುಡುಗ ಚಾರ್ಜಿಂಗ್, ಬ್ಯಾಟರಿ, ಕಂತು ಅಂತ ಎಲ್ಲ ಹೇಳಿದ.

"ಅದೆಲ್ಲ ಇರ್ಲಿ ತಮ್ಮಾ, ಪೆಡಲ್ ಎಲ್ಲಿ ಅದ?"

"ಪೆಡಲ್ ಇರಲ್ರೀ ಕಾಕಾ ಇದಕ್ಕ."

"ಮತ್ತ ಫರಹತಾಬಾದದಾಗ ಚಾರ್ಜ್ ಮುಗೀತಂದ್ರ?"

ಹುಡುಗ ನನ್ನ ಮುಖ ನೋಡಿದ. ಕಾಕಾ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಹೊರಗೆ ಬಂದವನೇ, ಸೂಪರ್ ಮಾರ್ಕೆಟ್ಟಿನಲ್ಲಿ ಲೂನಾದ ಪ್ಲಗ್ಗು ಇನ್ನೂ ಸಿಗುತ್ತದಾ ವಿಚಾರಿಸೋಣ ನಡಿ ಅಂದ.